ಡಿಕ್ಕಿಗೆ ಹೋದ ಬ್ಯಾಟರಿ

1964ರ ಏಪ್ರಿಲ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಫೋರ್ಡ್ ಮಸ್ಟಾಂಗ್‌ನ ಬಾನೆಟ್ ಎತ್ತಿದರೆ ರೇಡಿಯೇಟರಿನ ಪಕ್ಕದ ಮೂಲೆಯಲ್ಲಿ ಬ್ಯಾಟರಿ ಕಾಣುತ್ತದೆ. ಅದರ ಆಸಿಡ್ ಸೋರಿ ಕೆಳಗಿನ ತಗಡು ತುಕ್ಕು ಹಿಡಿಯುವುದು ಆ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಟ. ಹಳೆಯ ಕಾರಿನ ಹುಚ್ಚು ಹತ್ತಿಸಿಕೊಂಡ ಅನೇಕರು ಆ ಬ್ಯಾಟರಿಯನ್ನು ಅಲ್ಲಿಂದ ಎಬ್ಬಿಸಿ ಹಿಂದಿನ ಡಿಕ್ಕಿಗೆ ಸಾಗಿಸುತ್ತಾರೆ. ಇನ್ನು ಕೆಲವರಿಗೆ ಇದು ಅಪಚಾರ. ಕಂಪನಿ ಎಲ್ಲಿಟ್ಟಿತ್ತೋ ಅಲ್ಲೇ ಇರಬೇಕು, ಇಲ್ಲದಿದ್ದರೆ ಅದು ಆ ಕಾರೇ ಅಲ್ಲ ಎಂಬ ಹಟ. ಹಳೆಯದನ್ನು ತಿದ್ದುವ ಹಕ್ಕು ನಮಗೆಷ್ಟು ಎಂಬ ಪ್ರಶ್ನೆ ದೇವಸ್ಥಾನ, ಕೋಟೆಗಳ ವಿಷಯದಲ್ಲಿ ಮಾತ್ರ ಏಳುವುದಿಲ್ಲ, ಹದಿನೆಂಟು ಕಿಲೋ ತೂಗುವ ಒಂದು ಪೆಟ್ಟಿಗೆಯ ವಿಷಯದಲ್ಲೂ ಏಳುತ್ತದೆ.

ಮೊದಲು ಹಟದವರ ವಾದ ನೋಡೋಣ. ಒಂದು ಹಳೆಯ ಕಾರಿನಲ್ಲಿ ಎಂದಿಗೂ ಮೂಲದ್ದಾಗಿ ಉಳಿಯದ ಭಾಗ ಯಾವುದಾದರೂ ಇದ್ದರೆ ಅದು ಬ್ಯಾಟರಿಯೇ. ನಾಲ್ಕೈದು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಪ್ರದರ್ಶನಕ್ಕೆ ಕಾರು ತರುವವರು ಹೊಸ ಬ್ಯಾಟರಿಯನ್ನೇ ಹಳೆಯ ಬ್ರಾಂಡಿನ ವೇಷದಲ್ಲಿ ಕೊಂಡು ಕೂರಿಸುತ್ತಾರೆ. ಅದಕ್ಕೆಂದೇ ತಯಾರಾಗುವ ಮಾಲು ಅಮೆರಿಕದಲ್ಲಿ ಸಿಗುತ್ತದೆ. ವಸ್ತು ಹೊಸದು, ವೇಷ ಹಳೆಯದು, ಪಾವಿತ್ರ್ಯವೆಲ್ಲ ಜಾಗಕ್ಕೆ! ಆ ಜಾಗವಾದರೂ ಎಲ್ಲ ಕಾರಿನಲ್ಲಿ ಒಂದೇ ಅಲ್ಲ. ಅಲೆಕ್ ಇಸಿಗೋನಿಸ್ ರೂಪಿಸಿದ 1959ರ ಮಿನಿಯಲ್ಲಿ ಬ್ಯಾಟರಿ ಹುಟ್ಟಿನಿಂದಲೇ ಡಿಕ್ಕಿಯಲ್ಲಿತ್ತು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಹಿಂದಿನ ಸೀಟಿನ ಕೆಳಗೆ. ಫೋರ್ಡ್ ಕಂಪನಿಯೇ 1964ರಲ್ಲಿ ಡ್ರ್ಯಾಗ್ ರೇಸಿಗೆಂದು ಕಟ್ಟಿದ ಥಂಡರ್‌ಬೋಲ್ಟ್ ಕಾರಿನ ಬ್ಯಾಟರಿಯನ್ನು ಡಿಕ್ಕಿಗೆ ಹಾಕಿತ್ತು, ಹಿಂದಿನ ಚಕ್ರಗಳ ಮೇಲೆ ಭಾರ ಬಿದ್ದು ಹಿಡಿತ ಹೆಚ್ಚಲಿ ಎಂದು.

ಹಾಗೆಂದು ಸಾಗಿಸುವವರ ವಾದ ಗಟ್ಟಿಯಾಗಿದೆ ಎಂದಲ್ಲ. ಮುಂದಿನ ಭಾರ ಇಳಿದು ಕಾರು ಚೆನ್ನಾಗಿ ತಿರುಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಮಸ್ಟಾಂಗ್‌ನ ಮುಂದಿನ ಹಿಂದಿನ ಚಕ್ರಗಳ ನಡುವೆ 2.74 ಮೀಟರ್ ಅಂತರ. ಹದಿನೆಂಟು ಕಿಲೋವನ್ನು ಸುಮಾರು ಮೂರು ಮೀಟರ್ ಹಿಂದಕ್ಕೆ ಒಯ್ದರೆ ಮುಂದಿನ ಚಕ್ರಗಳಿಂದ ಹಿಂದಿನವಕ್ಕೆ ವರ್ಗವಾಗುವ ಭಾರ ಇಪ್ಪತ್ತು ಕಿಲೋ, ಒಟ್ಟು ತೂಕದಲ್ಲಿ ಶೇಕಡಾ ಒಂದೂವರೆ. ಕಾಲು ಮೈಲಿಯ ರೇಸಿನಲ್ಲಿ ಅದಕ್ಕೆ ಬೆಲೆಯಿದೆ. ಭಾನುವಾರ ಬೆಳಿಗ್ಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕಾಫಿಗೆ ಹೋಗಿಬರುವವನಿಗೆ ಏನು ಬೆಲೆ? ನಿಜವಾದ ಕಾರಣ ಬಹಳ ಸಲ ಬೇರೆಯೇ ಇರುತ್ತದೆ: ಬಾನೆಟ್ ಎತ್ತಿದಾಗ ಎಂಜಿನ್ ಒಂದೇ ಹೊಳೆಯುತ್ತ ಕಾಣಬೇಕು. ಅದು ತಪ್ಪೇನಲ್ಲ. ಅಂದಕ್ಕಾಗಿ ಮಾಡಿದೆ ಎಂದು ಹೇಳಿಕೊಳ್ಳಲು ಸಂಕೋಚವೇಕೋ, ಭೌತಶಾಸ್ತ್ರವನ್ನು ಸಾಕ್ಷಿಗೆ ಕರೆಯುತ್ತಾರೆ.

ಭೌತಶಾಸ್ತ್ರವನ್ನು ಕರೆದ ಮೇಲೆ ಅದು ಹೇಳುವುದನ್ನು ಪೂರ್ತಿ ಕೇಳಬೇಕು. ಮನೆಯಲ್ಲಿ ಒಲೆಯ ಜಾಗ ಬದಲಿಸಿದರೆ ಹೊಗೆ ಹೋಗುವ ದಾರಿಯೂ ನೀರು ಹೋಗುವ ದಾರಿಯೂ ಬದಲಾಗಬೇಕಲ್ಲ, ಇದೂ ಹಾಗೆಯೇ. ಡಿಕ್ಕಿಯಿಂದ ಸ್ಟಾರ್ಟರ್ ಮೋಟಾರಿಗೆ ಐದು ಮೀಟರ್ ಕೇಬಲ್ ಬೇಕು. ಸೆಲ್ಫ್ ಹೊಡೆದಾಗ 200 ಆಂಪಿಯರ್ ಹರಿಯಿತೆನ್ನಿ. 16 ಚದರ ಮಿಲಿಮೀಟರ್ ದಪ್ಪದ ತಾಮ್ರದ ಕೇಬಲ್ಲಿನಲ್ಲಿ ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ. 50 ಚದರ ಮಿಲಿಮೀಟರಿನದಾದರೆ ವೋಲ್ಟಿನ ಮೂರನೇ ಒಂದು ಭಾಗ. ಮೊದಲೇ ಹನ್ನೆರಡರಿಂದ ಕುಸಿಯುವ ವೋಲ್ಟೇಜಿನಲ್ಲಿ ಇನ್ನೊಂದು ಕಳೆದರೆ ಎಂಜಿನ್ ಗೊಣಗುತ್ತದಷ್ಟೇ, ಏಳುವುದಿಲ್ಲ. ದಪ್ಪ ಕೇಬಲ್ಲಿನ ತಾಮ್ರವೇ ಎರಡು ಕಿಲೋ ದಾಟುತ್ತದೆ.

ಅಪಾಯವಿರುವುದು ಕೇಬಲ್ ಸಾಗುವ ದಾರಿಯಲ್ಲಿ. ಸಾಮಾನ್ಯವಾಗಿ ಸ್ಟಾರ್ಟರಿನ ಕೇಬಲ್ಲಿಗೆ ಫ್ಯೂಸ್ ಇರುವುದಿಲ್ಲ. ಬ್ಯಾಟರಿ ಎಂಜಿನ್ ಪಕ್ಕದಲ್ಲಿದ್ದಾಗ ಅದು ಮೊಳದುದ್ದದ ತಂತಿ, ಕಣ್ಣೆದುರೇ ಇರುತ್ತದೆ. ಈಗ ಅದೇ ತಂತಿ ಸೀಟಿನಡಿ, ಕಾರ್ಪೆಟಿನಡಿ, ತಗಡಿನ ತೂತುಗಳ ಮೂಲಕ ಹಾಯಬೇಕು. ಒಂದು ತೂತಿಗೆ ರಬ್ಬರ್ ಬುಷ್ ಹಾಕಲು ಮರೆತರೂ ತಗಡಿನ ಅಂಚು ವರ್ಷಾನುಗಟ್ಟಲೆ ಉಜ್ಜಿ ಮೇಲಿನ ಕವಚವನ್ನು ಕತ್ತರಿಸುತ್ತದೆ. ಆಮೇಲೆ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿದು ಕೇಬಲ್ ಕೆಂಡವಾಗುತ್ತದೆ. ಮಸ್ಟಾಂಗ್‌ನಲ್ಲಿ ಇನ್ನೊಂದು ವಿಶೇಷವಿದೆ. ಅದರ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಡಿಕ್ಕಿಗೂ ಪ್ರಯಾಣಿಕರಿಗೂ ನಡುವೆ ಇರುವುದು ಸೀಟಿನ ಬೆನ್ನು ಮಾತ್ರ. ಚಾರ್ಜ್ ಹೆಚ್ಚಾದಾಗ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ತುಂಬಿದರೆ ಒಂದು ಕಿಡಿ ಸಾಕು. 1989ರ ಮಜ್ದಾ ಮಿಯಾಟಾದ ಡಿಕ್ಕಿಯಲ್ಲಿ ಬ್ಯಾಟರಿ ಇಟ್ಟವರು ಆ ಅನಿಲವನ್ನು ಕಾರಿನಿಂದ ಹೊರಕ್ಕೆ ಬಿಡಲು ಕೊಳವೆಯನ್ನೂ ಇಟ್ಟರು. ಮನೆಯ ಶೆಡ್ಡಿನಲ್ಲಿ ಕೆಲಸ ಮಾಡುವವನು ಪೆಟ್ಟಿಗೆ ಕೊಳ್ಳುತ್ತಾನೆ, ಕೊಳವೆ ಮರೆಯುತ್ತಾನೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಟ್ಯೂರಿನ್ ಸನ್ನದನ್ನು ಒಪ್ಪಿಕೊಂಡಿತು. ಸ್ಮಾರಕಗಳ ರಕ್ಷಣೆಗಾಗಿ ಬಂದ 1964ರ ವೆನಿಸ್ ಸನ್ನದು ಅದಕ್ಕೆ ಸ್ಫೂರ್ತಿ (ಅದೂ ಮಸ್ಟಾಂಗ್‌ನ ಓರಗೆಯದೇ). ಬದಲಾವಣೆ ಅನಿವಾರ್ಯವಾದರೆ ಅದು ಹಿಂದಕ್ಕೆ ತಿರುಗಿಸುವಂತಿರಲಿ ಎಂಬುದು ಅದರ ಒಂದು ಆಶಯ. ನಮ್ಮಲ್ಲಿ 2021ರ ನಿಯಮವೂ ಐವತ್ತು ದಾಟಿದ ವಾಹನ ವಿಂಟೇಜ್ ಎನಿಸಿಕೊಳ್ಳಲು ಛಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು ಎನ್ನುತ್ತದೆ. ಒಳ್ಳೆಯ ಅಳತೆಗೋಲುಗಳೇ. ಆದರೆ ನನ್ನ ಆಕ್ಷೇಪ ಇವು ಮುಟ್ಟದ ಕಡೆ ಇದೆ. ಹಿಂದಕ್ಕೆ ತಿರುಗಿಸಬಹುದಾದ ಬದಲಾವಣೆಯೂ ಮಾಡಿದವನೊಬ್ಬನಿಗೇ ಗೊತ್ತಿದ್ದರೆ ಉಳಿದವರಿಗೆ ಅಪಾಯ. ಅಪಘಾತವಾದಾಗ ಬರುವ ಅಗ್ನಿಶಾಮಕದವರು ಬ್ಯಾಟರಿ ಕಳಚಲು ಮೊದಲು ಬಾನೆಟ್ ಎತ್ತುತ್ತಾರೆ. ಅಲ್ಲಿ ಹೊಳೆಯುವ ಎಂಜಿನ್ ಬಿಟ್ಟು ಏನೂ ಇರುವುದಿಲ್ಲ. ಹತ್ತು ವರ್ಷದ ಮೇಲೆ ಕಾರು ಕೊಂಡವನು ಕಾರ್ಪೆಟಿನಡಿ ಏನಿದೆಯೆಂದು ತಿಳಿಯದೆ ಸೀಟಿನ ಬೋಲ್ಟಿಗೆ ಡ್ರಿಲ್ ಹಿಡಿಯುತ್ತಾನೆ.

ಈ ವಿಷಯದಲ್ಲಿ ಸಂಗ್ರಹಕಾರರಿಗಿಂತ ರೇಸಿನವರು ಮುಂದಿದ್ದಾರೆ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ, ಜಾಗ ಬದಲಾದ ಬ್ಯಾಟರಿಗೆ ಕಾರಿನ ತೀರ ಹಿಂಭಾಗದಲ್ಲಿ, ಹೊರಗಿನಿಂದ ಕೈಗೆ ಸಿಗುವಂತೆ, ಎಂಜಿನ್ನನ್ನೂ ನಿಲ್ಲಿಸುವ ಸ್ವಿಚ್ ಇರಲೇಬೇಕು, ಯಾವ ಕಡೆ ಬಂದ್ ಎಂದು ಬರೆದಿರಲೇಬೇಕು ಎನ್ನುತ್ತದೆ. ಬೀದಿಯಲ್ಲಿ ಓಡುವ ಕಾರಿಗೂ ಅದನ್ನೇ ಕೇಳಬೇಕು: ಬ್ಯಾಟರಿಯ ಬುಡದಲ್ಲಿ ಫ್ಯೂಸ್, ಹೊರಗೊಂದು ಸ್ವಿಚ್, ಬಾನೆಟ್ಟಿನ ಒಳಮೈಗೆ ಬ್ಯಾಟರಿ ಡಿಕ್ಕಿಯಲ್ಲಿದೆ ಎಂಬ ಚೀಟಿ, ಕಾರಿನ ಕಾಗದಗಳ ಜೊತೆ ಕೇಬಲ್ ಹೋದ ದಾರಿಯ ನಕ್ಷೆ. ಇಷ್ಟು ಮಾಡಿದವನು ಬ್ಯಾಟರಿಯನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಲಿ. ಪ್ರದರ್ಶನದ ತೀರ್ಪುಗಾರರು ಆ ಚೀಟಿ ಕಂಡು ಎರಡು ಅಂಕ ಕಳೆದರೆ, ಕಳೆಯಲಿ.