ಹಳ್ಳಿಯ ಯುವಕರ ಸ್ವಂತ ಉದ್ಯೋಗ: ಸಾಲಕ್ಕಿಂತ ಮೊದಲು ಕಸುಬು ಬೇಕು

ಹೊಲ ಹಂಚಿಹೋಗುತ್ತಿದೆ, ಓದಿದ ಮಕ್ಕಳು ಹೆಚ್ಚುತ್ತಿದ್ದಾರೆ. ಇಂದಿನ ರೈತ ಕುಟುಂಬದ ಚಿಂತೆಯೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ. 1970-71ರ ಕೃಷಿ ಗಣತಿಯಂತೆ ನಮ್ಮ ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 2.28 ಹೆಕ್ಟೇರ್ ಇತ್ತು. 2015-16ರ ಗಣತಿಯ ವೇಳೆಗೆ ಅದು 1.08 ಹೆಕ್ಟೇರಿಗೆ ಇಳಿದಿತ್ತು. ಅಂದರೆ ಅಜ್ಜನ ಕಾಲದ ಐದೂವರೆ ಎಕರೆ ಮೊಮ್ಮಗನ ಕಾಲಕ್ಕೆ ಎರಡೂವರೆ ಎಕರೆಯ ಆಸುಪಾಸಿಗೆ ಬಂದಿದೆ. ಇಷ್ಟರಲ್ಲಿ ಇಬ್ಬರು ಮಕ್ಕಳು ಸಂಸಾರ ಹೂಡುವುದು ಹೇಗೆ? ಪಟ್ಟಣದ ನೌಕರಿ ಎಲ್ಲರಿಗೂ ಸಿಗುವಂಥದ್ದಲ್ಲ.

ಆದ್ದರಿಂದ ಯುವಕರು ಹಳ್ಳಿಯಲ್ಲೇ ಸ್ವಂತ ಉದ್ಯೋಗ ಕೈಗೊಳ್ಳಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಮಾತು ಸರಿಯೇ. ಆದರೆ ಉದ್ಯೋಗವೆಂಬುದು ಸಾಲದ ಅರ್ಜಿಯಿಂದ ಆರಂಭವಾಗುತ್ತದೆಂಬ ತಿಳಿವಳಿಕೆ ಸರಿಯಲ್ಲ. ಮೊದಲು ಕಸುಬು, ಆಮೇಲೆ ಸಾಲ, ಅದರ ಜೊತೆಗೆ ಕನಿಷ್ಠ ಎರಡು ವರ್ಷದ ಆಸರೆ. ಈ ಕ್ರಮ ತಪ್ಪಿದರೆ ಉದ್ಯೋಗವೂ ನಿಲ್ಲದು, ಸಾಲಕ್ಕೆ ಹೊಲವೂ ಸಿಕ್ಕಿಬೀಳುತ್ತದೆ.

ಹಿಂದಿನ ಅನುಭವ ಏನು ಹೇಳುತ್ತದೆ?

1979ರ ಆಗಸ್ಟ್ 15ರಂದು ಕೇಂದ್ರ ಸರ್ಕಾರವು ಗ್ರಾಮೀಣ ಯುವಜನರಿಗಾಗಿ ‘ಟ್ರೈಸೆಮ್’ ಎಂಬ ಯೋಜನೆಯನ್ನು ಆರಂಭಿಸಿತು. ಬಡ ಕುಟುಂಬಗಳ 18ರಿಂದ 35 ವರ್ಷದವರಿಗೆ ತರಬೇತಿ ಹಾಗೂ ಶಿಷ್ಯವೇತನ ದೊರೆಯುತ್ತಿತ್ತು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಅನೇಕ ಕಡೆ ಕಲಿಸಿದ ಕಸುಬಿಗೂ ಊರಿನ ಬೇಡಿಕೆಗೂ ಹೊಂದಿಕೆಯಾಗಲಿಲ್ಲ. ತರಬೇತಿ ಮುಗಿದ ಮೇಲೆ ಬೆನ್ನಿಗೆ ನಿಲ್ಲುವವರಿರಲಿಲ್ಲ. ಹೀಗಾಗಿ ಹಲವರು ಕಲಿತ ಕಸುಬನ್ನು ಹಿಡಿಯಲೇ ಇಲ್ಲ. 1999ರ ಏಪ್ರಿಲ್‌ನಲ್ಲಿ ಈ ಯೋಜನೆಯು ಬೇರೊಂದು ಯೋಜನೆಯಲ್ಲಿ ವಿಲೀನವಾಯಿತು.

ಅದೇ ಕಾಲದಲ್ಲಿ ನಮ್ಮ ರಾಜ್ಯದಲ್ಲಿ ಇನ್ನೊಂದು ದಾರಿ ತೆರೆಯಿತು. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ, ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ‘ರುಡ್‌ಸೆಟ್’ ಸಂಸ್ಥೆ ಆರಂಭವಾಯಿತು. ಇಲ್ಲಿ ಊಟ ವಸತಿಯೊಂದಿಗೆ ಕೆಲವು ವಾರಗಳ ಉಚಿತ ತರಬೇತಿ. ಕಸುಬಿನ ಜೊತೆಗೆ ಲೆಕ್ಕ ಬರೆಯುವುದು, ಗಿರಾಕಿಯನ್ನು ಹುಡುಕುವುದು, ಬ್ಯಾಂಕಿನೊಡನೆ ವ್ಯವಹರಿಸುವುದನ್ನೂ ಕಲಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾದುದು, ತರಬೇತಿಯ ನಂತರವೂ ಸುಮಾರು ಎರಡು ವರ್ಷ ಸಂಪರ್ಕವಿಟ್ಟುಕೊಂಡು ಸಲಹೆ ನೀಡುವ ಪದ್ಧತಿ. ತರಬೇತಿ ಚಿಕ್ಕದು, ಆಸರೆ ದೊಡ್ಡದು. ಈ ಮಾದರಿಯನ್ನು ಮೆಚ್ಚಿದ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಜಿಲ್ಲೆಗೊಂದು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು, ಅಂದರೆ ‘ಆರ್‌ಸೆಟಿ’ಯನ್ನು, ಬ್ಯಾಂಕುಗಳ ಮೂಲಕ ಸ್ಥಾಪಿಸುವ ಕಾರ್ಯಕ್ಕೆ ಕೈಹಾಕಿತು.

ಎಂತಹ ಉದ್ಯೋಗ ಆರಿಸಬೇಕು?

ಪಕ್ಕದೂರಿನವನು ಕೋಳಿ ಸಾಕಿದನೆಂದು ನಾವೂ ಕೋಳಿ ಸಾಕುವುದು ಉದ್ಯೋಗದ ಆಯ್ಕೆಯಲ್ಲ. ಸುತ್ತಲಿನ ರೈತರು ಯಾವುದಕ್ಕೆ ದೂರ ಹೋಗಿ ಹಣ ತೆರುತ್ತಾರೆ ಎಂಬುದನ್ನು ಮೊದಲು ಗಮನಿಸಬೇಕು.

ರೇಷ್ಮೆ ಸೀಮೆಯ ಚಾಕಿ ಸಾಕಣೆ ಇದಕ್ಕೆ ಒಳ್ಳೆಯ ಉದಾಹರಣೆ. ಮರಿಹುಳುವಿಗೆ ಎಳೆಯ ಸೊಪ್ಪು, 27-28 ಡಿಗ್ರಿ ಉಷ್ಣತೆ, ಹೆಚ್ಚು ತೇವಾಂಶ ಮತ್ತು ಬಹಳ ಶುಚಿತ್ವ ಬೇಕು. ಇದನ್ನು ಪ್ರತಿಯೊಬ್ಬ ರೈತನೂ ತನ್ನ ಮನೆಯಲ್ಲಿ ಒದಗಿಸುವುದು ಕಷ್ಟ. ತರಬೇತಿ ಪಡೆದ ಒಬ್ಬ ಯುವಕನು ಎರಡನೇ ಜ್ವರದವರೆಗೆ ಹುಳು ಸಾಕಿ ಕೊಟ್ಟರೆ ಹಲವಾರು ರೈತರ ಬೆಳೆ ಹಸನಾಗುತ್ತದೆ. ಅವನಿಗೂ ತಿಂಗಳು ತಿಂಗಳು ಆದಾಯ ಬರುತ್ತದೆ.

ತರಕಾರಿ ಬೆಳೆಯುವ ಕಡೆ ಸಸಿ ನರ್ಸರಿಯೂ ಹಾಗೆಯೇ. ಹೈಬ್ರಿಡ್ ಬೀಜದ ಬೆಲೆ ಹೆಚ್ಚು. ಬಯಲು ಮಡಿಯಲ್ಲಿ ಸಸಿ ಸತ್ತರೆ ನಷ್ಟ. ನೆರಳು ಪರದೆಯ ಕೆಳಗೆ, ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಬೆಳೆಸಿದ ಟೊಮ್ಯಾಟೊ ಸಸಿ ಸುಮಾರು 25-30 ದಿನಗಳಲ್ಲಿ ನಾಟಿಗೆ ಬರುತ್ತದೆ. ಇದಕ್ಕೆ ಎಕರೆಗಟ್ಟಲೆ ಭೂಮಿ ಬೇಡ, ಕೆಲವೇ ಗುಂಟೆ ಸಾಕು. ಆದರೆ ದಿನನಿತ್ಯದ ಗಮನ ಬೇಕು. ಮುಂಗಡ ಪಡೆಯದೆ ಬಿತ್ತಿದರೆ ವಯಸ್ಸು ಮೀರಿದ ಸಸಿಯನ್ನು ತಿಪ್ಪೆಗೆ ಹಾಕಬೇಕಾದೀತು. ಪಂಪ್ ಮೋಟಾರು ರಿಪೇರಿ, ಟ್ರ್ಯಾಕ್ಟರ್ ರಿಪೇರಿ, ಬಾಡಿಗೆ ಯಂತ್ರಗಳ ಸೇವೆಗೂ ಇದೇ ಮಾತು ಅನ್ವಯಿಸುತ್ತದೆ.

ಸಹಾಯಧನದ ಭ್ರಮೆ ಬೇಡ

ಸಹಾಯಧನ ಸಿಗುತ್ತದೆಂದೇ ಉದ್ಯೋಗಕ್ಕೆ ಇಳಿಯುವವರಿದ್ದಾರೆ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಹಳ್ಳಿಯ ಘಟಕಗಳಿಗೆ ಯೋಜನಾ ವೆಚ್ಚದ ಶೇಕಡ 25, ಮಹಿಳೆಯರು, ಪರಿಶಿಷ್ಟರು ಮೊದಲಾದವರಿಗೆ ಶೇಕಡ 35 ಸಹಾಯಧನ ಗೊತ್ತುಪಡಿಸಲಾಯಿತು. ಆದರೆ ಈ ಹಣವನ್ನು ಕೈಗೆ ಕೊಡುವ ಏರ್ಪಾಡು ಅದರಲ್ಲಿರಲಿಲ್ಲ. ಅದು ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆಯೆಂದು ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗಬೇಕು. ಇದು ಸರಿಯಾದ ಕ್ರಮ. ಉದ್ಯೋಗ ಬೀಳುವುದು ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿಯೇ.

ಮನೆಯ ಹಿರಿಯರಿಗೆ ಒಂದು ಮಾತು

ಉದ್ಯೋಗ ಕೆಡುವುದಕ್ಕೆ ಬ್ಯಾಂಕೊಂದೇ ಕಾರಣವಲ್ಲ. ಮಗನ ಹೆಸರಿನಲ್ಲಿ ಸಾಲ, ಯಜಮಾನರ ಕೈಯಲ್ಲಿ ಹಣ ಎಂಬಂತಾದರೆ ಅವನು ಕಲಿಯುವುದೇನು? ಹಿರಿಯರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳಿತು.

1. ಉದ್ಯೋಗದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ಮದುವೆಗಾಗಲಿ ಕೊಳವೆಬಾವಿಗಾಗಲಿ ಅದನ್ನು ಮುಟ್ಟಬಾರದು.
2. ದಿನದ ಲೆಕ್ಕವನ್ನು ಮಕ್ಕಳೇ ಬರೆಯಲಿ. ನೀವು ವಾರಕ್ಕೊಮ್ಮೆ ನೋಡಿರಿ.
3. ಕೆಲವು ಗುಂಟೆ ಜಾಗವನ್ನು ಬಿಟ್ಟುಕೊಟ್ಟು, ಅಲ್ಲಿಯ ತೀರ್ಮಾನವನ್ನು ಅವರಿಗೇ ಬಿಡಿ.
4. ಮಗಳು, ಸೊಸೆಯರಿಗೂ ತರಬೇತಿಗೆ ಹೋಗಲು ಅವಕಾಶ ಕೊಡಿ. ಚಾಕಿಯಲ್ಲಾಗಲಿ ಸಸಿಯಲ್ಲಾಗಲಿ ಅವರ ಕೈ ಹಿಂದೆ ಬಿದ್ದಿಲ್ಲ.

ತರಬೇತಿ ನೀಡುವ ಸಂಸ್ಥೆಗಳೂ, ಕೃಷಿ ವಿಶ್ವವಿದ್ಯಾನಿಲಯಗಳೂ ಒಂದು ವಿಷಯವನ್ನು ಮನಗಾಣಬೇಕು. ಎಷ್ಟು ಜನರಿಗೆ ಪ್ರಮಾಣಪತ್ರ ಹಂಚಿದೆವು ಎಂಬುದು ಸಾಧನೆಯ ಅಳತೆಯಾಗಬಾರದು. ಎರಡು ವರ್ಷದ ನಂತರ ಎಷ್ಟು ಘಟಕಗಳ ಬಾಗಿಲು ತೆರೆದಿವೆ ಎಂಬುದೇ ಅಳತೆಯಾಗಬೇಕು. ಬಿತ್ತಿದ ಎಕರೆಯನ್ನು ಎಣಿಸಿ ಯಾವ ರೈತನೂ ಕಣಜ ತುಂಬಿತೆನ್ನುವುದಿಲ್ಲ. ಒಕ್ಕಣೆಯಾದ ಮೇಲೆಯೇ ಅಳೆಯುತ್ತಾನೆ. ಯುವಕರ ಉದ್ಯೋಗಕ್ಕೂ ಅದೇ ನ್ಯಾಯ ಸಲ್ಲಲಿ.