ಬುಲೆಟ್ ಹುಡುಗರನ್ನ ಬೈಯೋದು ಸುಲಭ, ಆದ್ರೆ ಸಾಯ್ತಿರೋರು ಯಾರು?

ಸಿಂಧನೂರು: ಭಾನುವಾರ ಬೆಳಗ್ಗೆ ಆರರ ಹೊತ್ತಿಗೆ ಗಾಂಧಿ ವೃತ್ತದ ಕಡೆ ಬಂದ್ರೆ ಹತ್ತು ಹನ್ನೆರಡು ಬೈಕ್ ಸಾಲಾಗಿ ನಿಂತಿರೋದು ಕಾಣುತ್ತೆ. ಬುಲೆಟ್ ಜಾಸ್ತಿ, ಒಂದೆರಡು ಡ್ಯೂಕ್, ಒಂದು ಹಳೇ ಪಲ್ಸರ್. ಹುಡುಗರು ಚಹಾ ಕುಡಿದು, ಟೈರಿನ ಗಾಳಿ ನೋಡಿ, ಮುದಗಲ್ ಕೋಟೆಗೋ ಜಲದುರ್ಗಕ್ಕೋ ಹೊರಡ್ತಾರೆ. ಮಸ್ಕಿ, ಲಿಂಗಸುಗೂರಿನ ಗೆಳೆಯರು ದಾರಿಯಲ್ಲಿ ಕೂಡ್ಕೋತಾರೆ. ದಾರಿ ಗೊತ್ತಿರೋನು ಎಲ್ಲರಿಗಿಂತ ಮುಂದೆ, ಪಂಕ್ಚರ್ ಕಿಟ್ ಇಟ್ಕೊಂಡಿರೋನು ಎಲ್ಲರಿಗಿಂತ ಹಿಂದೆ. ಮುಂದಿನವನನ್ನ ಯಾರೂ ದಾಟೋ ಹಾಗಿಲ್ಲ. ಎಲ್ಲರ ತಲೆ ಮೇಲೂ ಹೆಲ್ಮೆಟ್ ಇರುತ್ತೆ.

ಮೊನ್ನೆ ಇವರು ಹೊರಟ ಸದ್ದು ಕೇಳಿ, ಅಂಗಡಿ ಶೆಟರ್ ಎತ್ತುತ್ತಿದ್ದ ಹಿರಿಯರೊಬ್ಬರು ನನಗೆ ಹೇಳಿದ್ರು: "ಇವರಿಂದಾನೇ ನೋಡಪ್ಪ, ರಸ್ತ್ಯಾಗ ಮಂದಿ ಸಾಯಾಕತ್ಯಾರ."

ಈ ಮಾತು ಮೂರೂ ತಾಲೂಕಿನಲ್ಲಿ ಕೇಳ್ತೀವಿ. ಸದ್ದಿನ ವಿಷಯದಲ್ಲಿ ಹಿರಿಯರ ಸಿಟ್ಟು ನ್ಯಾಯವೇ. ಕಂಪನಿ ಕೊಟ್ಟ ಸೈಲೆನ್ಸರ್ ಬಿಚ್ಚಿ ಪಟಾಕಿ ಸದ್ದಿನದು ಹಾಕ್ಸಿ, ಆಸ್ಪತ್ರೆ ಮುಂದೆ, ಕಾಲೇಜ್ ಮುಂದೆ ಎಕ್ಸಲೇಟರ್ ತಿರುವೋರು ನಮ್ಮೂರಲ್ಲೂ ಇದಾರೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಅದಕ್ಕೆ 10 ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಪೊಲೀಸರು ಅಂಥ ಸೈಲೆನ್ಸರ್ ಕಿತ್ತು ರೋಡ್ ರೋಲರ್ ಹತ್ತಿಸಿದ್ರೆ ನನಗೇನೂ ಬೇಜಾರಿಲ್ಲ. ಆದ್ರೆ ಸದ್ದು ಮಾಡೋರು ಬೇರೆ, ಸಾಯೋರು ಬೇರೆ.

ನನ್ನ ಮೊಬೈಲಿನಲ್ಲಿರೋ ಫೋಟೋಗಳು

ಮೂರು ವರ್ಷದಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಅಪಘಾತದ ಸುದ್ದಿ ಬರೆಯೋದು ನನ್ನ ಕೆಲಸ. ಡಿಗ್ರಿ ಅರ್ಧಕ್ಕೆ ಬಿಟ್ಟೋನು ನಾನು, ಅಂಕಿಅಂಶದ ಪಂಡಿತ ಅಲ್ಲ. ಆ ಹಿರಿಯರ ಮಾತು ಕೇಳಿದ ರಾತ್ರಿ ಮೊಬೈಲಿನ ಹಳೇ ಫೋಟೋಗಳನ್ನ ಒಂದೊಂದಾಗಿ ನೋಡ್ತಾ ಹೋದೆ. ಸ್ಪ್ಲೆಂಡರ್. ಮತ್ತೊಂದು ಸ್ಪ್ಲೆಂಡರ್. ಶೈನ್. ಟಿವಿಎಸ್ ಎಕ್ಸ್‌ಎಲ್, ಅದರ ಪಕ್ಕ ಉರುಳಿದ ಹಾಲಿನ ಕ್ಯಾನ್. ಹಿಂದೆ ಗೊಬ್ಬರದ ಚೀಲ ಕಟ್ಟಿದ್ದ ಗಾಡಿ. ರಾತ್ರಿ ಪಾಳಿ ಮುಗಿಸಿ ಬರ್ತಿದ್ದವರ ಊಟದ ಡಬ್ಬಿ. ದೊಡ್ಡ ಬೈಕ್ ಒಂದೋ ಎರಡೋ ಸಿಕ್ತು ಅಷ್ಟೇ.

ಈ ಗಾಡಿಗಳನ್ನ ಓಡಿಸಿದವರ್ಯಾರೂ ತಮ್ಮನ್ನ ರೈಡರ್ ಅಂತ ಕರ್ಕೊಂಡೋರಲ್ಲ. ಹೊಲಕ್ಕೆ, ಕ್ಯಾಂಪಿಗೆ, ಸಂತೆಗೆ, ಡ್ಯೂಟಿಗೆ ಹೊರಟೋರು. ದೇಶದ ಲೆಕ್ಕವೂ ಇದನ್ನೇ ಹೇಳುತ್ತೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ 44ಕ್ಕೂ ಹೆಚ್ಚು ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೇ ಸತ್ತವರು 50,029, ಅದರಲ್ಲಿ ಹಿಂದೆ ಕೂತವರೇ 14,337.

ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅಂತ ಕರ್ನಾಟಕ ಸರ್ಕಾರ ಹೇಳಿದ್ದು 2016ರ ಜನವರಿಯಲ್ಲಿ. ನಮ್ಮ ಕಡೆ ಓಡಿಸೋರೇ ಹಾಕಲ್ಲ, ಹಿಂದಿನವರ ಮಾತೆಲ್ಲಿ? "ಏ, ಇಲ್ಲೇ ಊರಾಗ ಹೋಗಿ ಬರ್ತೀನಿ ಬಿಡು" ಅಂತಾರೆ. ಪೊಲೀಸರು ನಿಂತಿದಾರೆ ಅಂತ ಎದುರಿಂದ ಬರೋರು ಕೈಸನ್ನೆ ಮಾಡಿದ್ರೆ ಟ್ಯಾಂಕ್ ಮೇಲಿದ್ದ ಹೆಲ್ಮೆಟ್ ತಲೆಗೆ ಏರುತ್ತೆ, ಆಚೆ ತಿರುವಿಗೆ ಮತ್ತೆ ಇಳಿಯುತ್ತೆ. ಕೇಂದ್ರದ ಕಾಯ್ದೆಯಲ್ಲಿ ಸಾವಿರ ರೂಪಾಯಿ ಇದ್ದ ದಂಡವನ್ನ ನಮ್ಮ ರಾಜ್ಯ 2019ರಲ್ಲಿ 500ಕ್ಕೆ ಇಳಿಸಿತು. 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿಯನ್ನೂ ಕೊಟ್ಟಿತು. ದಂಡಕ್ಕೂ ಆಫರ್ ಬಂದ ಮೇಲೆ ಯಾರು ಹೆದರ್ತಾರೆ?

ಹೆಲ್ಮೆಟ್ ಬೇಕಾಗಿರೋದು ಬೆಂಗಳೂರಿನವರಿಗಿಂತ ನಮಗೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಕಾಲು ಮುರಿದ್ರೆ ತಾಲೂಕು ಆಸ್ಪತ್ರೆಯಲ್ಲಿ ಕಟ್ಟು ಹಾಕ್ತಾರೆ. ತಲೆಗೆ ಪೆಟ್ಟು ಅಂದ್ರೆ ಇಲ್ಲಿಂದ ರಾಯಚೂರಿಗೋ ಬಳ್ಳಾರಿಗೋ ಹೋಗಬೇಕು, ಲಿಂಗಸುಗೂರಿನವರು ಬಾಗಲಕೋಟೆಗೆ. ಆಂಬುಲೆನ್ಸ್ ಎಷ್ಟೇ ಓಡಿಸಿದ್ರೂ ಒಂದೂವರೆ–ಎರಡು ಗಂಟೆ. ಒಳ್ಳೇ ಹೆಲ್ಮೆಟ್ ಸಾವಿನ ಸಂಭವವನ್ನ ಶೇ 42ರಷ್ಟು, ತಲೆಗೆ ಪೆಟ್ಟಾಗೋ ಸಂಭವವನ್ನ ಶೇ 69ರಷ್ಟು ಕಡಿಮೆ ಮಾಡುತ್ತೆ ಅಂತ ಹಲವು ದೇಶಗಳ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದವರು ಹೇಳಿದಾರೆ. ಐಎಸ್‌ಐ ಗುರುತಿಲ್ಲದ ರಸ್ತೆಬದಿಯ ಟೊಪ್ಪಿಗೆಗೆ ಈ ಮಾತು ಹೊಂದಲ್ಲ, ಅದು ಪೊಲೀಸರಿಗೆ ತೋರಿಸೋಕಷ್ಟೇ.

ಕತ್ತಲಲ್ಲಿ ನಿಂತ ಟ್ರಾಲಿ

ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗೋ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಹಾಯ್ದು ಹೋಗುತ್ತೆ. ಸುಗ್ಗಿ ಬಂತು ಅಂದ್ರೆ ಈ ರಸ್ತೆ ಅರ್ಧ ರಸ್ತೆ, ಅರ್ಧ ಕಣ. ಸಿಂಧನೂರು ಕಡೆ ಕಾಲುವೆ ನೀರಿನ ಭತ್ತ, ರಸ್ತೆ ಮೇಲೇ ಒಣಗೋಕೆ ಹಾಕ್ತಾರೆ, ಸುತ್ತ ಕಲ್ಲು ಇಡ್ತಾರೆ. ಮಸ್ಕಿ, ಲಿಂಗಸುಗೂರಿನ ಒಣಭೂಮಿ ಕಡೆ ಸಜ್ಜೆ, ತೊಗರಿ ಹರಡಿ ಗಾಡಿಗಳ ಟೈರಿನಿಂದಲೇ ಒಕ್ಕಣೆ. ಕಾರಿಗೆ ಅದು ಬರೀ ಸರಬರ ಸದ್ದು, ಬೈಕಿಗೆ ಅದು ಜಾರುಬಂಡೆ. ರೈತರನ್ನ ಬೈದು ಉಪಯೋಗ ಇಲ್ಲ. ಒಣಗಿಸೋಕೆ ಕಣ ಇಲ್ಲದೇ ರಸ್ತೆಗೆ ಬರ್ತಾರೆ. ಕಣ ಮಾಡಿಕೊಡೋದು ಪಂಚಾಯಿತಿಗಳ ಕೆಲಸ.

ಟ್ರಾಲಿ ವಿಷಯದಲ್ಲಿ ಮಾತ್ರ ನಾನು ಸುಮ್ಮನಿರಲ್ಲ. ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಅಪಾಯ ಆಗೋ ಹಾಗೆ ಗಾಡಿ ಅಥವಾ ಟ್ರಾಲಿ ರಸ್ತೆಯಲ್ಲಿ ಬಿಟ್ಟುಹೋಗಬಾರದು ಅಂತ ಕಾಯ್ದೆಯ 122ನೇ ಕಲಂ ಹೇಳುತ್ತೆ. ಆದ್ರೂ ಭತ್ತ ತುಂಬಿದ ಟ್ರಾಲಿ ಪಂಕ್ಚರ್ ಆಯ್ತು ಅಂತ ನಡುರಾತ್ರಿ ಅಲ್ಲೇ ಬಿಟ್ಟು, ಹಿಂದೆ ಎರಡು ಕಲ್ಲು ಇಟ್ಟು ಮನೆಗೆ ಹೋಗ್ತಾರೆ.

ನನ್ನ ಜೊತೆ ಕಾಲೇಜಿಗೆ ಬರ್ತಿದ್ದ ಗೆಳೆಯನೊಬ್ಬ ಎರಡು ವರ್ಷದ ಹಿಂದೆ ಇಂಥದ್ದೇ ಟ್ರಾಲಿಗೆ ಹಿಂದಿನಿಂದ ಹೊಡೆದು ಹೋದ. ಸುದ್ದಿ ನಾನೇ ಬರೆದೆ, ಮೂರು ಸಾಲು. ಕೊನೆಗೆ "ಅತಿವೇಗವೇ ಕಾರಣ ಎನ್ನಲಾಗಿದೆ" ಅಂತ ಸೇರಿಸಿದ್ದೆ. ಹಾಗಂತ ನನಗೆ ಯಾರೂ ಹೇಳಿರಲಿಲ್ಲ. ರೂಢಿ ಪ್ರಕಾರ ಬರೆದೆ. ಟ್ರಾಲಿಗೆ ಲೈಟ್ ಇರಲಿಲ್ಲ ಅನ್ನೋದು ನನ್ನ ಫೋಟೋದಲ್ಲಿ ಇತ್ತು, ಸುದ್ದಿಯಲ್ಲಿ ಇರಲಿಲ್ಲ.

ದಿನ ಆದ ಮೇಲೆ ಅವನ ಅಪ್ಪ ನನ್ನ ಕರೆದು ಕೇಳಿದ್ರು: "ನೀ ಸುದ್ದಿಯಾಗ ಕೆಲಸ ಮಾಡ್ತಿ. ಇನ್ಶೂರೆನ್ಸ್ ಏನರ ಬರತೈತೇನಪ್ಪ? ಬೈಕ್ ಅವರ ಮಾವಂದು." ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ವಕೀಲರ ಹತ್ತಿರ ಕೂತು ತಿಳ್ಕೊಂಡೆ.

ಇಳಕಲ್–ಕುಷ್ಟಗಿ ರಸ್ತೆಯ ಕೇಸು

ವಕೀಲರು ಹೇಳಿದ ಕೇಸು ದೂರದ್ದಲ್ಲ, ಮುದಗಲ್‌ನಿಂದ ಆಚೆ ಇರೋ ಇಳಕಲ್–ಕುಷ್ಟಗಿ ಹೆದ್ದಾರಿಯದು. ಒಬ್ಬ ವ್ಯಕ್ತಿ ಬೇರೆಯವರ ಹೀರೋ ಹೋಂಡಾ ಕೇಳಿ ತಗೊಂಡು ಇಳಕಲ್‌ನಿಂದ ತನ್ನೂರಿಗೆ ಹೊರಟಿದ್ದ. ಮುಂದೆ ಹೋಗ್ತಿದ್ದ, ಕಬ್ಬಿಣದ ಶೀಟ್ ಹೇರಿದ್ದ ಎತ್ತಿನ ಬಂಡಿ ಗಕ್ಕನೆ ನಿಂತಿತು. ಬೈಕ್ ಹೋಗಿ ಬಡಿಯಿತು, ಆಸ್ಪತ್ರೆ ದಾರಿಯಲ್ಲೇ ಪ್ರಾಣ ಹೋಯ್ತು. ಮನೆಯವರು ಪರಿಹಾರಕ್ಕೆ ಹೋದ ಕೇಸು ಸುಪ್ರೀಂ ಕೋರ್ಟಿನವರೆಗೆ ಏರಿತು. 2009ರಲ್ಲಿ ಕೋರ್ಟ್ ಹೇಳಿದ್ದು ಇದು: ಬೇರೆಯವರ ಬೈಕ್ ತಗೊಂಡು ಓಡಿಸೋನು ಆ ಹೊತ್ತಿಗೆ ಮಾಲೀಕನ ಜಾಗದಲ್ಲೇ ನಿಂತ ಹಾಗೆ. ಹಾಗಾಗಿ ಆ ಬೈಕಿನ ಇನ್ಶೂರೆನ್ಸ್ ಕಂಪನಿಯಿಂದ ಆಗಿನ 163ಎ ಕಲಂ ಅಡಿ ಪರಿಹಾರ ಕೇಳೋಕೆ ಬರಲ್ಲ. ಬೇರೆ ಕಲಂ ಅಡಿ ನೋಡಿ ಅಂತ ಕೇಸನ್ನ ಹೈಕೋರ್ಟಿಗೆ ವಾಪಸ್ ಕಳಿಸಿತು.

ನಮ್ಮ ಹಳ್ಳಿಗಳಲ್ಲಿ ಬೈಕ್ ಯಾರ ಹೆಸರಲ್ಲಿದೆ ಅಂತ ಒಂದ್ಸಲ ಯೋಚಿಸಿ. ಅಪ್ಪನ ಹೆಸರಲ್ಲಿ ಇರುತ್ತೆ, ಮಗ ಓಡಿಸ್ತಾನೆ. ಸೆಕೆಂಡ್ ಹ್ಯಾಂಡ್ ತಗೊಂಡು ನಾಲ್ಕು ವರ್ಷ ಆಗಿರುತ್ತೆ, ಆರ್‌ಸಿ ಇನ್ನೂ ಮೊದಲಿನವರ ಹೆಸರಲ್ಲೇ. ಸಂತೆಗೆ ಹೋಗೋಕೆ ಪಕ್ಕದ ಮನೆ ಗಾಡಿ. ಹೀಗೆ ಕೇಳಿ ತಗೊಂಡು ಓಡಿಸೋದು ನಮ್ಮಲ್ಲಿ ತಪ್ಪಲ್ಲ, ಸಂಬಂಧ. ಇನ್ಶೂರೆನ್ಸ್ ಕಾಗದಕ್ಕೆ ಆ ಸಂಬಂಧ ಗೊತ್ತಾಗಲ್ಲ.

ಬೈಕಿನ ಇನ್ಶೂರೆನ್ಸ್ ಜೊತೆಗೆ ಮಾಲೀಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಅಂತ ಇರುತ್ತೆ. ಮಾಲೀಕ ತಾನೇ ಓಡಿಸುವಾಗ ಸತ್ರೆ ಮನೆಯವರಿಗೆ ಆ ಹಣ. ಷರತ್ತು ಏನಂದ್ರೆ, ಆರ್‌ಸಿ ಅವನ ಹೆಸರಲ್ಲಿರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹೊಸ ಬೈಕ್ ತಗೊಂಡಾಗ ಐದು ವರ್ಷದ ಇನ್ಶೂರೆನ್ಸ್ ಅಂತಾರಲ್ಲ, ಅದು ಎದುರಿನವರಿಗೆ ಆಗೋ ಹಾನಿಗೆ ಸಂಬಂಧಪಟ್ಟದ್ದು. 15 ಲಕ್ಷದ್ದನ್ನ ಎಷ್ಟೋ ಸಲ ಒಂದೇ ವರ್ಷಕ್ಕೆ ಮಾಡಿರ್ತಾರೆ. ಎರಡನೇ ವರ್ಷದಿಂದ ನಾವು "ಐದು ವರ್ಷ ಐತಲ್ಲ" ಅಂತ ಧೈರ್ಯದಲ್ಲಿ ಓಡಾಡ್ತಿರ್ತೀವಿ. ವರ್ಷಕ್ಕೆ ಕೆಲವು ನೂರು ರೂಪಾಯಿ ಕಟ್ಟಿದ್ರೆ ಅದು ಮುಂದುವರಿಯುತ್ತೆ. ಪಾಲಿಸಿ ಕಾಗದ ತೆಗೆದು ದಿನಾಂಕ ನೋಡ್ಕೊಳ್ಳಿ, ಎರಡು ದಿನಾಂಕ ಬೇರೆಬೇರೆ ಇರಬಹುದು.

ಇದು ಈಗಲೇ ಹೇಳಬೇಕಾದ ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಎಂಬತ್ತು ಸಾವಿರದ ಬೈಕಿಗೆ ಹೆಚ್ಚುಕಡಿಮೆ ಆರು ಸಾವಿರ ಉಳಿಯುತ್ತೆ. (ಬುಲೆಟ್ 350 ನಿಜಕ್ಕೂ 349 ಸಿಸಿ, ಅದಕ್ಕೂ ಲಾಭ. ಅದಕ್ಕಿಂತ ದೊಡ್ಡ ಬೈಕಿಗೆ ತೆರಿಗೆ ಶೇ 40 ಆಯ್ತು.) ಹೊಸದು ತಗೊಂಡೋರು ಹಳೇದನ್ನ ಮಾರ್ತಾರೆ. ಹಾಗೆ ಕೈ ಬದಲಾಗೋ ಬೈಕ್‌ಗಳಲ್ಲಿ ಎಷ್ಟಕ್ಕೆ ಹೆಸರು ಬದಲಾಗುತ್ತೆ?

ಗೆಳೆಯನ ಮನೆಯವರಿಗೆ ಇದ್ದ ದಾರಿ ಟ್ರಾಲಿಯದು. ಲೈಟ್, ರಿಫ್ಲೆಕ್ಟರ್ ಇಲ್ಲದೇ ನಿಲ್ಲಿಸಿದ್ದು ಟ್ರಾಲಿಯವರ ನಿರ್ಲಕ್ಷ್ಯ ಅಂತ 166ನೇ ಕಲಂ ಅಡಿ ಕೇಳಬಹುದಿತ್ತು. ಅದಕ್ಕೆ ಆ ವಿಷಯ ಪಂಚನಾಮೆಯಲ್ಲಿ ಇರಬೇಕು, ಅರ್ಜಿ ಹಾಕೋಕೆ ಕಾಯ್ದೆ ಕೊಟ್ಟಿರೋದು ಆರು ತಿಂಗಳು. ನಾವು ವಕೀಲರ ಹತ್ತಿರ ಹೋಗೋ ಹೊತ್ತಿಗೆ ವರ್ಷ ದಾಟಿತ್ತು.

ಅಂಗಡಿಯವರಿಗೂ ಒಂದು ಮಾತು

ಕಿರಾಣಿ, ಗೊಬ್ಬರ, ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಾಮಾನು ಮುಟ್ಟಿಸೋಕೆ ಒಂದು ಗಾಡಿ ಇರುತ್ತೆ. ಯಾವ ಹುಡುಗ ಬಿಡುವಾಗಿದ್ದಾನೋ ಅವನೇ ತಗೊಂಡು ಹೋಗ್ತಾನೆ. ಅವನಿಗೆ 18 ತುಂಬಿಲ್ಲ ಅಂದ್ರೆ 199ಎ ಕಲಂ ಪ್ರಕಾರ ತಪ್ಪಿತಸ್ಥರು ಪೋಷಕರು ಅಥವಾ ಗಾಡಿ ಮಾಲೀಕರು. 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸೂ ಸಿಗಲ್ಲ. ಲೈಸೆನ್ಸ್ ಇಲ್ಲದ ಹುಡುಗ ಯಾರಿಗಾದ್ರೂ ಗುದ್ದಿದ್ರೆ ಇನ್ಶೂರೆನ್ಸ್ ಕಂಪನಿ ಆ ಹಣವನ್ನ ಅಂಗಡಿ ಮಾಲೀಕರಿಂದ ವಸೂಲಿ ಮಾಡಬಹುದು. ಬುಲೆಟ್ ಹುಡುಗರನ್ನ ಬೈದ ಆ ಹಿರಿಯರ ಅಂಗಡಿ ಮುಂದೆಯೂ ಒಂದು ಎಕ್ಸ್‌ಎಲ್ ನಿಂತಿತ್ತು. ಅದರ ಮೇಲೆ ಹೆಲ್ಮೆಟ್ ಇರಲಿಲ್ಲ.

ಬುಲೆಟ್ ಹುಡುಗರ ಹತ್ತಿರವೂ ಮಾತಾಡಿದೆ. ಅವರಲ್ಲಿ ಒಬ್ಬ ಟೈಲರ್, ಒಬ್ಬ ಮೇಷ್ಟ್ರು, ಇಬ್ಬರು ಅಕ್ಕಿ ಗಿರಣಿ ಕೆಲಸದವರು. ಹೆಲ್ಮೆಟ್, ಲೈಸೆನ್ಸ್, ಇನ್ಶೂರೆನ್ಸ್ ತೋರಿಸದವನನ್ನ ಅವರು ಜೊತೆಗೆ ಕರ್ಕೊಂಡು ಹೋಗಲ್ವಂತೆ. "ಹಂಗಾರ ಸೋಮವಾರ ನೀ ಗಿರಣಿಗೆ ಹೋಗುವಾಗ?" ಅಂದೆ. ನಕ್ಕ. "ಅಣ್ಣ, ಅದು ಎರಡೇ ಕಿಲೋಮೀಟರ್." ಭಾನುವಾರದ ಶಿಸ್ತು ಸೋಮವಾರಕ್ಕೆ ಇವರಲ್ಲೂ ಬರ್ತಿಲ್ಲ. ಅವರಿಗೆ ಒಂದು ಕೆಲಸ ಹೇಳಿದೆ. ಈ ಸುಗ್ಗಿಯಲ್ಲಿ ಕೆಂಪು ರಿಫ್ಲೆಕ್ಟರ್ ಟೇಪಿನ ಸುರುಳಿ ಜೊತೆಗಿಟ್ಕೊಳ್ಳಿ, ಟ್ರಾಲಿ ಕಂಡಲ್ಲಿ ಮಾಲೀಕರನ್ನ ಕೇಳಿ ಅಂಟಿಸಿ ಅಂತ. ಒಪ್ಕೊಂಡಿದಾರೆ, ನೋಡೋಣ.

ಗಾಯಾಳು ಕಂಡ್ರೆ ನಿಲ್ಲಿಸೋಕೆ ಹೆದರಬೇಡಿ. 112 ಅಥವಾ 108ಕ್ಕೆ ಕರೆ ಮಾಡಿ. ಸಹಾಯ ಮಾಡಿದವರು ಹೆಸರು ಹೇಳಲೇಬೇಕು ಅಂತ ಪೊಲೀಸರು ಒತ್ತಾಯ ಮಾಡೋ ಹಾಗಿಲ್ಲ, ಅದು ಕಾಯ್ದೆಯಲ್ಲೇ ಇದೆ. 2025ರ ಮೇ ತಿಂಗಳಿಂದ ಗಾಯಾಳುವಿಗೆ ಏಳು ದಿನದವರೆಗೆ 1.5 ಲಕ್ಷದ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ. ಆಸ್ಪತ್ರೆಯಲ್ಲಿ ಅದನ್ನ ಕೇಳಿ.

ನಾನೂ ಅಪಘಾತದ ಸುದ್ದಿಯಲ್ಲಿ ಇನ್ಮುಂದೆ ಮೂರು ವಿಷಯ ಕೇಳಿಯೇ ಬರೀತೀನಿ: ಹೆಲ್ಮೆಟ್ ಇತ್ತಾ, ಎದುರಿನ ಗಾಡಿಗೆ ಲೈಟ್ ಇತ್ತಾ, ಬೈಕ್ ಯಾರ ಹೆಸರಲ್ಲಿತ್ತು. ಕೆಎ-36 ನಂಬರಿನ ನನ್ನ ಸ್ಪ್ಲೆಂಡರ್ ಇನ್ನೂ ಅಣ್ಣನ ಹೆಸರಲ್ಲೇ ಇದೆ. ಫಾರಂ 29, 30 ತುಂಬಿ ಅಣ್ಣನ ಸಹಿ ಹಾಕ್ಸಿಟ್ಟಿದೀನಿ. ಸೋಮವಾರ ರಾಯಚೂರಿಗೆ ಹೋಗ್ತೀನಿ.