ಭಾನುವಾರದ ಬೆಟ್ಟ ಯಾರದು?

ಬೆಟ್ಟ ಹತ್ತುವುದನ್ನೂ ಹೋಟೆಲಿನ ದೋಸೆಯನ್ನೂ ಕುರಿತು ದುಡಿಯುವವರ ಪತ್ರಿಕೆ ಅಗ್ರಲೇಖನ ಬರೆಯಬಹುದೆ? ಬೋನಸ್ಸಿನ ಜಗಳ ಮುಗಿದಿಲ್ಲ, ಗೂಡಿನ ಬೆಲೆ ನಿಂತ ಕಡೆ ನಿಲ್ಲುತ್ತಿಲ್ಲ, ಇವರಿಗೆ ತಿರುಗಾಟದ ಚಪಲ ಹತ್ತಿದೆ ಎಂದು ಕೆಲವು ಸಂಗಾತಿಗಳು ಮೂಗು ಮುರಿಯಬಹುದು. ಮುರಿಯಲಿ. ಕೂಲಿಯ ಲೆಕ್ಕದಲ್ಲಿ ಅಕ್ಕಿ, ಬೇಳೆ, ಬಾಡಿಗೆ ಇರುವಂತೆ ಬಿಡುವೂ ಇದೆ ಎಂದು ನಾವು ನಂಬಿದ್ದೇವೆ. ಆ ಬಿಡುವನ್ನು ಎಲ್ಲಿ, ಹೇಗೆ ಕಳೆಯಬಹುದು ಎಂಬುದನ್ನು ಇನ್ನೊಬ್ಬನ ಜೇಬು ತೀರ್ಮಾನಿಸತೊಡಗಿದರೆ ಅದು ಕೂಲಿಯ ಕಡಿತವೇ ಸರಿ.

ಭಾನುವಾರದ ರಜೆಯನ್ನು ಯಾವ ಧಣಿಯೂ ದಾನವಾಗಿ ಕೊಡಲಿಲ್ಲ. ಮುಂಬಯಿಯ ಗಿರಣಿಗಳಲ್ಲಿ ವಾರದ ಏಳು ದಿನವೂ ಮಗ್ಗ ಓಡುತ್ತಿದ್ದ ಕಾಲದಲ್ಲಿ, ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕೆಲಸಗಾರರನ್ನು ಕೂಡಿಸಿ ವಾರಕ್ಕೊಂದು ರಜೆ ಕೇಳಿದರು. ಅದು ಕೈಗೂಡುವಾಗ 1890ನೆಯ ಇಸವಿ ಬಂದಿತ್ತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿಯನ್ನೂ ವಾರದ ರಜೆಯನ್ನೂ ಬರೆದಿಟ್ಟಿತು. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ಅದೇ ಕಾಯಿದೆಯನ್ನು ತಿದ್ದಿ ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಬಿಟ್ಟಿತು. ಮೂರು ತಿಂಗಳಲ್ಲಿ 75 ಗಂಟೆ ಇದ್ದ ಓವರ್‌ಟೈಮನ್ನು 145ಕ್ಕೆ ಏರಿಸಿತು. ವಾರದ 48 ಗಂಟೆ ಹಾಗೆಯೇ ಇದೆಯಲ್ಲ ಎಂದು ಮಂತ್ರಿಮಹಾಶಯರು ಸಮಾಧಾನ ಹೇಳಿದರು. ನಾಲ್ಕು ದಿನ ಹನ್ನೆರಡು ಗಂಟೆ ನಿಂತವನು ಐದನೆಯ ದಿನ ಬೆಟ್ಟ ಹತ್ತುವುದಿರಲಿ, ಮನೆಯ ಮೆಟ್ಟಿಲು ಹತ್ತಿದರೆ ಹೆಚ್ಚು. ಇದು ಅವರ ಲೆಕ್ಕಕ್ಕೆ ಸೇರುವುದಿಲ್ಲ.

ಇರಲಿ, ಬೆಟ್ಟಕ್ಕೆ ಬರೋಣ.

ನಮ್ಮ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೊಸ ಹೆಸರಿಟ್ಟರು. ಹೆಸರು ಬಂದದ್ದು ಮೊನ್ನೆ. ನಮ್ಮ ಮಕ್ಕಳು ಬೆಂಗಳೂರಿನ ದಕ್ಷಿಣಕ್ಕೆ ಹೊಟ್ಟೆಪಾಡಿಗೆ ಹೋಗತೊಡಗಿ ಎಷ್ಟೋ ವರ್ಷವಾಯಿತು. ನೂಲು ಬಿಚ್ಚುವ ಕೆಲಸ ಬಿಟ್ಟು ಗಾರ್ಮೆಂಟ್ಸಿಗೆ ಸೇರಿದವರು, ವಾಚ್‌ಮನ್ ಆದವರು, ತಳ್ಳುಗಾಡಿ ಇಟ್ಟವರು ಸುಬ್ರಹ್ಮಣ್ಯಪುರ, ಉತ್ತರಹಳ್ಳಿ, ಚಿಕ್ಕಲ್ಲಸಂದ್ರದ ಒಂಟಿ ಕೋಣೆಗಳಲ್ಲಿದ್ದಾರೆ. ಅಂಥ ಕೆಲವರ ಕರೆಯ ಮೇಲೆ ಒಂದು ಭಾನುವಾರ ನಾವು ನಸುಕಿಗೇ ರೈಲು ಹತ್ತಿ ಕೆಂಗೇರಿಯಲ್ಲಿ ಇಳಿದು, ಉತ್ತರಹಳ್ಳಿಯ ಬಸ್ಸು ಹಿಡಿದು ಸುಬ್ರಹ್ಮಣ್ಯಪುರ ಸೇರಿದೆವು.

ಊರೆಂದರೆ ಈಗ ಅದು ಊರಲ್ಲ, ನಗರದ ಒಂದು ಮೂಲೆ. ಹಳ್ಳಿಯಾಗಿದ್ದ ಕಾಲದ ಗುರುತು ಎಂದು ಉಳಿದದ್ದು ಕೆರೆ. ಅದೂ ಒತ್ತುವರಿಗೆ ಸಿಕ್ಕಿ, ಚರಂಡಿಯ ನೀರು ಕುಡಿದು ಕುಗ್ಗಿ ಕೂತಿದೆ. ಆದರೆ ಅಲ್ಲಿಂದ ನಡೆದು ಹೋಗುವ ದೂರದಲ್ಲಿ ತುರಹಳ್ಳಿಯ ಗುಡ್ಡ ಇನ್ನೂ ನಿಂತಿದೆ. ಸುತ್ತ ಸುಮಾರು 600 ಎಕರೆಯ ಕಾಡು. ಕಾಡೆಂದರೆ ಸಹ್ಯಾದ್ರಿಯ ಕಾಡನ್ನು ನೆನೆಯಬೇಡಿ. ಕುರುಚಲು, ನೀಲಗಿರಿ, ನಡುವೆ ಆನೆಯ ಬೆನ್ನಿನಂಥ ಬಂಡೆಗಳು. ಎತ್ತರವೂ ಹೆಚ್ಚಿಲ್ಲ, ಹೊಸಬನೂ ಏದುಸಿರಿಲ್ಲದೆ ಹತ್ತಬಹುದು. ಮೇಲೆ ಕೂತರೆ ಒಂದು ಕಡೆ ಕನಕಪುರ ರಸ್ತೆ, ಇನ್ನೊಂದು ಕಡೆ ಅಪಾರ್ಟ್‌ಮೆಂಟುಗಳ ಸಾಲು. ಅವುಗಳಲ್ಲಿ ಕೆಲವಕ್ಕೆ ಗಾರೆ ಹೊತ್ತ ಒಬ್ಬರು ನಮ್ಮ ಜೊತೆಗಿದ್ದರು. "ಆ ಹದಿನಾಲ್ಕನೇ ಅಂತಸ್ತಿನಿಂದ ಈ ಗುಡ್ಡ ನೋಡಿದ್ದೆ ಸಾರ್, ಗುಡ್ಡದಿಂದ ಅದನ್ನ ನೋಡ್ತಿರೋದು ಇದೇ ಮೊದಲು" ಎಂದರು.

ಈ ಗುಡ್ಡ ಉಳಿದದ್ದು ಹೇಗೆಂಬುದನ್ನು ನಮ್ಮ ಓದುಗರು ತಿಳಿಯಬೇಕು. 2021ರಲ್ಲಿ ಅರಣ್ಯ ಇಲಾಖೆ ಇಲ್ಲಿ 'ಟ್ರೀ ಪಾರ್ಕ್' ಮಾಡಲು ಹೊರಟಿತ್ತು. ಮರಗಳೇ ಇರುವ ಕಾಡಿನಲ್ಲಿ ಮರಗಳ ಪಾರ್ಕು! ಪಾರ್ಕೆಂದರೆ ದಾರಿಗೆ ಹಾಸುಗಲ್ಲು, ಬಾಗಿಲಿಗೆ ಕಮಾನು, ಕಮಾನಿನ ಪಕ್ಕ ಟಿಕೆಟ್ಟಿನ ಗೂಡು. ಸುತ್ತಲಿನ ಜನ ಆ ಫೆಬ್ರವರಿಯಲ್ಲಿ ಫಲಕ ಹಿಡಿದು ನಿಂತರು, ಕಾಡನ್ನು ಕಾಡಾಗಿಯೇ ಬಿಡಿ ಎಂದರು. ಅವರಲ್ಲಿ ಹೆಚ್ಚಿನವರು ನಮ್ಮ ಬಾವುಟ ಹಿಡಿದವರಲ್ಲ. ಬೆಳಗಿನ ನಡಿಗೆಗೆ ಬರುವ ಅನುಕೂಲಸ್ಥರು, ಹಕ್ಕಿ ನೋಡುವವರು, ಸೈಕಲ್ಲಿನ ಹುಡುಗರು. ಆದರೂ ಅವರು ಮಾಡಿದ್ದು ನಾವು ಮಾಡಬೇಕಾಗಿದ್ದ ಕೆಲಸ. ಅಂದಿನ ಅರಣ್ಯ ಸಚಿವರು ಯೋಜನೆಯನ್ನು ಕೈಬಿಡಬೇಕಾಯಿತು. ಕೆರೆ ಕುಗ್ಗುವಾಗ ಸುಮ್ಮನಿದ್ದ ಊರು ಗುಡ್ಡಕ್ಕಾದರೂ ಬಾಯಿ ತೆರೆಯಿತು.

ಈಗ ನಮ್ಮ ಸ್ವಂತ ಊರಿನ ಕಡೆ ನೋಡೋಣ. ನಮ್ಮ ಪೇಟೆಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಇಲ್ಲಿನ ಬಂಡೆಗೆ ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು ಹೇಳುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ ಎನ್ನುತ್ತಾರೆ. ರಾಮದೇವರ ಬೆಟ್ಟ, ಮಾಗಡಿಯ ಕಡೆಯ ಸಾವನದುರ್ಗ, ಅತ್ತ ಶಿವಗಂಗೆ ಇವೆಲ್ಲ ನಮ್ಮವರು ಬುತ್ತಿ ಕಟ್ಟಿಕೊಂಡು ಹತ್ತಿಳಿದ ಬೆಟ್ಟಗಳು. ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿವೆ, 2012ರಿಂದ ಅದು ಅವುಗಳ ಧಾಮ. ಹದ್ದಿಗೆ ನೆಮ್ಮದಿ ಬೇಕು, ಕೂಗಾಟ ಬೇಡ ಎಂಬುದನ್ನು ನಾವು ಪೂರ್ತಿ ಒಪ್ಪುತ್ತೇವೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಸಾವಿರಾರು ಜನ ಮುಗಿಬಿದ್ದಾಗ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದ ದಾರಿಗಳನ್ನು ಇಲಾಖೆ ತಾತ್ಕಾಲಿಕವಾಗಿ ಮುಚ್ಚಿದ್ದನ್ನೂ ನಾವು ತಪ್ಪೆನ್ನಲಿಲ್ಲ. ಬೆಟ್ಟಕ್ಕೆ ಹೊರುವ ಶಕ್ತಿ ಇಷ್ಟೇ ಎಂಬುದು ನಿಜ. ನಮ್ಮವರಲ್ಲೂ ಬಾಟಲಿ ಒಡೆಯುವವರು, ಬಂಡೆಗೆ ಬಣ್ಣ ಬಳಿಯುವವರು ಇದ್ದಾರೆ. ಅವರಿಗೆ ನಾಲ್ಕು ಮಾತು ಹೇಳುವುದು ಸಂಘದ ಕೆಲಸವೇ.

ಆದರೆ ಮಿತಿ ಹಾಕುವುದು ಬೇರೆ, ಜರಡಿ ಹಿಡಿಯುವುದು ಬೇರೆ. ಹಲವು ಬೆಟ್ಟಗಳಿಗೆ ಈಗ ಮೊದಲೇ ಆನ್‌ಲೈನಿನಲ್ಲಿ ಹಣ ಕಟ್ಟಿ ಜಾಗ ಹಿಡಿಯಬೇಕು. ಕಂಪ್ಯೂಟರಿನ ಮುಂದೆ ಕೂತು ದುಡಿಯುವವನಿಗೆ ಮುಂದಿನ ತಿಂಗಳ ಭಾನುವಾರ ಗೊತ್ತು. ಗಾರ್ಮೆಂಟ್ಸಿನ ಹೆಣ್ಣುಮಗಳಿಗೆ ನಾಳೆ ರಜೆಯೋ ಅಲ್ಲವೋ ಎಂಬುದು ಶನಿವಾರ ಸಂಜೆ ಮೇಲ್ವಿಚಾರಕ ಬಾಯಿ ಬಿಟ್ಟಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಜಾಗ ತುಂಬಿರುತ್ತದೆ. ಮನೆಯ ನಾಲ್ವರು ಹೊರಟರೆ ಶುಲ್ಕ ನಾಲ್ಕು ಪಟ್ಟು, ದಾರಿಯ ಖರ್ಚು ಬೇರೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿದರು. ಬಸ್ಸಿನ ದರವನ್ನು ಅದಕ್ಕೆ ಒಂದು ತಿಂಗಳ ಮೊದಲೇ ಏರಿಸಿದ್ದರು. ಒಳ್ಳೆಯದನ್ನೂ ಹೇಳಬೇಕು: 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ, ಗಂಡನ ಮುಂದೆ ಕೈಯೊಡ್ಡದೆ ಹೆಂಗಸರು ಗುಂಪು ಕಟ್ಟಿಕೊಂಡು ಶಿವಗಂಗೆಗೆ ಹೋಗಿ ಬಂದಿದ್ದಾರೆ. ಅದನ್ನು ಸುಖವಿಲಾಸವೆಂದು ಹೀಯಾಳಿಸಿದ ಬುದ್ಧಿವಂತರಿಗೆ ನಮ್ಮದೊಂದೇ ಪ್ರಶ್ನೆ: ನೀವು ಊಟಿಗೆ ಹೋದಾಗ ಅದಕ್ಕೆ ಏನೆನ್ನುತ್ತೀರಿ?

ಹತ್ತಿಯ ಗಿರಣಿಗಳ ಊರಾದ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಕಥೆಯನ್ನು ಇಲ್ಲಿ ನೆನೆಯಬೇಕು. ಊರಿನ ಪಕ್ಕದಲ್ಲೇ ಕಿಂಡರ್ ಸ್ಕೌಟ್ ಎಂಬ ಎತ್ತರದ ಬಯಲು. ಡ್ಯೂಕ್ ಒಬ್ಬನಿಗೆ ಹಕ್ಕಿ ಬೇಟೆಯಾಡಲು ಮೀಸಲು. ಉಳಿದವರು ಕಾಲಿಟ್ಟರೆ ಅಪರಾಧ. 1932ರ ಏಪ್ರಿಲ್ 24, ಭಾನುವಾರ, ಸುಮಾರು 400 ಜನ ದುಡಿಯುವ ತರುಣರು ಹಾಡು ಹೇಳುತ್ತ ಅದರ ಮೇಲೆ ನಡೆದರು. ಮುಂದಾಳು ಬೆನ್ನಿ ರಾಥ್‌ಮನ್ ಇಪ್ಪತ್ತರ ಹುಡುಗ. ಐವರು ಜೈಲಿಗೆ ಹೋದರು. 1949ರಲ್ಲಿ ಲೇಬರ್ ಸರ್ಕಾರ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ತಂದಿತು; ಎರಡು ವರ್ಷದ ಮೇಲೆ ಆ ಸೀಮೆಯೇ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಅದೇ ವಂಶದ ಡ್ಯೂಕ್ ಬಂದು ತನ್ನ ತಾತ ಮಾಡಿದ್ದು ತಪ್ಪೆಂದು ಕ್ಷಮೆ ಕೇಳಿದ. ಎಪ್ಪತ್ತು ವರ್ಷ ಹಿಡಿಯಿತು, ಆದರೂ ಕೇಳಿದ. ನಮ್ಮ ಕಡೆ ಡ್ಯೂಕುಗಳಿಲ್ಲ. ಕೆರೆ ನುಂಗಿದವರಿದ್ದಾರೆ, ಕಾಡಿನ ಅಂಚಿಗೆ ಬೇಲಿ ಸರಿಸಿದವರಿದ್ದಾರೆ. ಕ್ಷಮೆಯ ಪದ್ಧತಿ ಅವರಲ್ಲಿಲ್ಲ.

ಗುಡ್ಡ ಇಳಿದಾಗ ಎಂಟೂವರೆ. ಹಸಿವೆಂದರೆ ಹಸಿವು. ಸುಬ್ರಹ್ಮಣ್ಯಪುರದ ರಸ್ತೆಯಲ್ಲಿ ನಮ್ಮವರು ಕರೆದೊಯ್ದದ್ದು ಹತ್ತಡಿ ಅಗಲದ ಒಂದು ಹೋಟೆಲಿಗೆ. ಹೆಸರು ಬೇಡ, ಅಂಥವು ಆ ರಸ್ತೆಯಲ್ಲಿ ಹಲವು. "ಕೂತ್ಕೊಳ್ಳಿ ಅನ್ನೋಕೆ ಕುರ್ಚಿನೇ ಇಲ್ಲ ಸ್ವಾಮಿ" ಎಂದು ಗಲ್ಲೆಯ ಮೇಲಿದ್ದವರು ನಕ್ಕರು. ನಿಂತೇ ತಿಂದೆವು. ಇಡ್ಲಿ ಬಿಸಿ, ಚಟ್ನಿ ನೀರಲ್ಲ, ಕಾವಲಿಯಿಂದ ಇಳಿದ ಖಾಲಿ ದೋಸೆ ಹತ್ತಿಯಂತೆ. ನಮ್ಮ ಬಿಡದಿಯ ತಟ್ಟೆ ಇಡ್ಲಿಯ ಮುಂದೆ ಅವರ ಇಡ್ಲಿ ಒಂದು ಕೈ ಕಡಿಮೆಯೇ, ಇದನ್ನು ಊರಿನ ಅಭಿಮಾನದಿಂದ ಹೇಳುತ್ತಿದ್ದೇವೆಂದು ಬೇಕಾದರೆ ತಿಳಿಯಿರಿ. ಕೊನೆಗೆ ಬೈಟೂ ಕಾಫಿ. ಒಂದನ್ನು ಎರಡಾಗಿಸಿ ಕುಡಿಯುವ ಈ ಪದ್ಧತಿಗಿಂತ ಒಳ್ಳೆಯ ಸಮಾಜವಾದವನ್ನು ನಾವು ಯಾವ ಹೋಟೆಲಿನಲ್ಲೂ ಕಂಡಿಲ್ಲ.

ನಿಂತು ತಿನ್ನುವ ದರ್ಶಿನಿ ಹುಟ್ಟಿದ್ದು 1983ರಲ್ಲಿ, ಅಲ್ಲೇ ಹತ್ತಿರದ ಜಯನಗರದಲ್ಲಿ. ಕುರ್ಚಿ ಇಲ್ಲದ್ದರಿಂದ ಜಾಗ ಕಡಿಮೆ, ಬಾಡಿಗೆ ಕಡಿಮೆ; ಗಿರಾಕಿಯೇ ಚೀಟಿ ಕೊಟ್ಟು ತಟ್ಟೆ ಎತ್ತುವುದರಿಂದ ಆಳು ಕಡಿಮೆ; ಹತ್ತು ನಿಮಿಷದಲ್ಲಿ ಜಾಗ ಖಾಲಿ. ಅದರಿಂದಲೇ ಬೆಲೆ ಕೈಗೆಟುಕಿತು, ಗುಮಾಸ್ತನೂ ಗಾರೆ ಕೆಲಸದವನೂ ಒಂದೇ ಕಟ್ಟೆಯ ಮೇಲೆ ತಟ್ಟೆ ಇಟ್ಟರು. ಈಗ ಈ ಲೆಕ್ಕಾಚಾರ ಸಡಿಲುತ್ತಿದೆ. ಬಾಡಿಗೆ, ಗ್ಯಾಸು, ಕಾಫಿಪುಡಿ ಏರಿವೆ. 2025ರ ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅದರ ಮೇಲೆ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ, ಯುಪಿಐ ಮೂಲಕ ಬಂದ ಹಣವನ್ನು ಕೂಡಿಸಿ ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸಿನವರಿಗೆಲ್ಲ ನೋಟೀಸು ಕಳಿಸಿತು. ವ್ಯಾಪಾರಿಗಳು ಕ್ಯೂಆರ್ ಹಲಗೆ ಕಿತ್ತು ನಗದು ಮಾತ್ರ ಎಂದು ಬರೆದು ಹಾಕಿದರು, ಬಂದ್ ಮಾಡುತ್ತೇವೆಂದರು. ಮುಖ್ಯಮಂತ್ರಿಗಳು ಸಭೆ ಕರೆದು ಹಳೆಯ ಬಾಕಿ ಕೇಳುವುದಿಲ್ಲವೆಂದ ಮೇಲೆ ಬೆಂಕಿ ತಣ್ಣಗಾಯಿತು.

ತಣ್ಣಗಾಯಿತು, ಆರಲಿಲ್ಲ. ಲೆಕ್ಕ ನೋಡಿ. ದಿನಕ್ಕೆ 6,000 ರೂಪಾಯಿ ವ್ಯಾಪಾರ ಮಾಡುವ ಪುಟ್ಟ ಹೋಟೆಲಿನ ವರ್ಷದ ವಹಿವಾಟು 20 ಲಕ್ಷ ದಾಟುತ್ತದೆ. ಸೇವೆಗೆ ಜಿಎಸ್‌ಟಿ ನೋಂದಣಿಯ ಗಡಿ ಅಷ್ಟೇ. ಆ 6,000ದಲ್ಲಿ ಅಕ್ಕಿ, ಉದ್ದು, ಎಣ್ಣೆ, ಗ್ಯಾಸು, ಬಾಡಿಗೆ, ಇಬ್ಬರ ಕೂಲಿ ಕಳೆದರೆ ಮಾಲೀಕನಿಗೆ ಉಳಿಯುವುದು ಅವನೂ ಒಬ್ಬ ಕೂಲಿಯವನೆಂದು ಲೆಕ್ಕ ಹಾಕಿದರೆ ಬರುವ ಕೂಲಿ. ವಹಿವಾಟನ್ನೇ ಲಾಭವೆಂದು ಕಾಣುವ ಕಣ್ಣಿಗೆ ಔಷಧ ಬೇಕು. ತೆರಿಗೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ತೆರಿಗೆಯಿಲ್ಲದೆ ಶಾಲೆಯಿಲ್ಲ, ಶಕ್ತಿ ಬಸ್ಸೂ ಇಲ್ಲ. ಗಡಿ ಎತ್ತರಿಸಿ, ನೋಟೀಸಿಗೆ ಮೊದಲು ತಿಳಿವಳಿಕೆ ಕೊಡಿ ಎನ್ನುತ್ತಿದ್ದೇವೆ.

ಆದರೆ ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಖಾರವಾದ ಮಾತಿದೆ. ಅಂದು ಕಾವಲಿಯ ಮುಂದೆ ನಿಂತಿದ್ದ ತರುಣನನ್ನು, ತುರಹಳ್ಳಿ ಗುಡ್ಡ ಹತ್ತಿದ್ದೀಯಾ ತಮ್ಮಾ ಎಂದು ಕೇಳಿದೆವು. ಹಾಸನದ ಕಡೆಯ ಹುಡುಗ. ಬಂದು ಮೂರು ವರ್ಷವಾಗಿದೆ. ಗುಡ್ಡ ಯಾವ ದಿಕ್ಕಿಗಿದೆ ಎಂಬುದೇ ಗೊತ್ತಿಲ್ಲ. "ಭಾನುವಾರ ರಶ್ ಜಾಸ್ತಿ ಅಣ್ಣ, ರಜಾ ಇಲ್ಲ." ಬೇರೆ ದಿನ? ಅವನು ಮಾಲೀಕರ ಮುಖ ನೋಡಿದ, ಮಾಲೀಕರು ಚೀಟಿಗಳನ್ನು ಎಣಿಸತೊಡಗಿದರು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಹೋಟೆಲಿನ ನೌಕರನಿಗೂ ವಾರಕ್ಕೊಂದು ಪೂರ್ತಿ ದಿನದ ರಜೆ ಕೊಟ್ಟಿದೆ. ಭಾನುವಾರವೇ ಆಗಬೇಕೆಂದಿಲ್ಲ, ಸೋಮವಾರವಾದರೂ ಆಗಬಹುದು. ನಮ್ಮ ಬಿಡುವಿನ ದಿನ ನಮಗೆ ದೋಸೆ ಹುಯ್ಯುವವನಿಗೆ ಬಿಡುವೇ ಇಲ್ಲವೆಂದರೆ ನಾವು ಯಾರ ಪರವಾಗಿ ಬರೆಯುತ್ತಿದ್ದೇವೆ?

ಹೋಟೆಲಿನ ನೌಕರರೇ ಹೋಟೆಲು ನಡೆಸಲಾರರೆಂದು ಹೇಳುವವರಿಗೆ ಉತ್ತರ ಬೆಂಗಳೂರಿನಲ್ಲೇ ಇದೆ. 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಬೀದಿಗೆ ಬಿಟ್ಟಾಗ, ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಅವರು ಸಹಕಾರ ಸಂಘ ಕಟ್ಟಿದರು. ಬೆಂಗಳೂರಿನ ಸಂಘ ಹುಟ್ಟಿದ್ದು ಆ ಆಗಸ್ಟಿನಲ್ಲಿ. ಎಂ.ಜಿ. ರಸ್ತೆಯ ಜಾಗ 2009ರಲ್ಲಿ ಕೈತಪ್ಪಿದಾಗಲೂ ಸಂಘ ಮುಳುಗದೆ ಚರ್ಚ್ ಸ್ಟ್ರೀಟಿಗೆ ನಡೆಯಿತು. ಬೆಟ್ಟಗಳ ಬುಡದಲ್ಲಿ ಅರಣ್ಯ ಇಲಾಖೆ ದೊಡ್ಡ ಕಂಟ್ರಾಕ್ಟುದಾರನಿಗೆ ಮಳಿಗೆ ಹರಾಜು ಹಾಕುವ ಬದಲು ಇಂಥ ನೌಕರರ ಸಂಘಕ್ಕೋ ಆ ಊರಿನ ಹೆಂಗಸರ ಗುಂಪಿಗೋ ಏಕೆ ಕೊಡಬಾರದು?

ತುರಹಳ್ಳಿಯಂಥ ಊರ ಪಕ್ಕದ ಗುಡ್ಡಗಳಿಗೆ ಟಿಕೆಟ್ಟಿನ ಗೂಡು ಎಂದೂ ಬರಬಾರದು. ಜನಮಿತಿ ಅಗತ್ಯವಿರುವ ಬೆಟ್ಟಗಳಲ್ಲಿ ಅರ್ಧದಷ್ಟು ಜಾಗವನ್ನಾದರೂ ಬೆಳಿಗ್ಗೆ ಬಂದು ಸಾಲಿನಲ್ಲಿ ನಿಂತವರಿಗೆ ಬಿಡಬೇಕು. ಕಾರ್ಮಿಕರ ಗುರುತಿನ ಚೀಟಿ ತೋರಿಸಿದವರಿಗೆ ಶುಲ್ಕ ಬೇಡ. ಈ ಅಹವಾಲನ್ನು ಜಿಲ್ಲಾ ಅರಣ್ಯಾಧಿಕಾರಿಗಳಿಗೆ ಕೊಡಲು ಸಹಿ ಕೂಡಿಸುತ್ತಿದ್ದೇವೆ; ಪತ್ರಿಕೆಯ ಕಚೇರಿಯಲ್ಲಿಯೂ ಗೂಡಿನ ಮಾರುಕಟ್ಟೆಯ ಮುಂದಿನ ಚಹಾದಂಗಡಿಯಲ್ಲಿಯೂ ಹಾಳೆ ಇದೆ. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ರಾಮನಗರ ರೈಲು ನಿಲ್ದಾಣದ ಮುಂದಿನಿಂದ ಬೆಟ್ಟಕ್ಕೆ ಒಂದು ತಂಡ ಹೊರಡುತ್ತದೆ. ಭಾನುವಾರ ಬಿಡುವಿಲ್ಲದ ಹೋಟೆಲು ನೌಕರರಿಗಾಗಿ ಸೋಮವಾರವೂ ಅದೇ ಹೊತ್ತಿಗೆ ಇನ್ನೊಂದು ತಂಡ. ನೀರು, ಬುತ್ತಿ ತನ್ನಿ; ಖಾಲಿ ಬಾಟಲಿಯನ್ನು ಮರಳಿ ತರಲು ಚೀಲವನ್ನೂ ತನ್ನಿ.